ಈ ಗುಡ್ಡ ಯಾರದ್ದು? ಮೊಕೊಕ್‌ಚುಂಗ್‌ನಲ್ಲಿರುವ ಸಾಗರದವನ ಮಾತು

ಮೊಕೊಕ್‌ಚುಂಗ್‌ನಲ್ಲಿ ನಿಂತು ಎದುರಿನ ಯಾವ ಗುಡ್ಡ ತೋರಿಸಿ ಅದು ಯಾರದ್ದು ಅಂತ ಕೇಳಿ, ಒಂದು ಊರಿನ ಹೆಸರು ಬರುತ್ತದೆ. ಅದು ಉಂಗ್ಮಾದವರದ್ದು, ಅದರಾಚೆಗಿನದು ಲೊಂಗ್‌ಖುಮ್‌ನವರದ್ದು. ಅರಣ್ಯ ಇಲಾಖೆಯದ್ದು ಅನ್ನುವ ಉತ್ತರ ತೀರಾ ಅಪರೂಪ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಬೆಳೆದ ನನಗೆ ಇದಕ್ಕೆ ಒಗ್ಗಿಕೊಳ್ಳಲು ಬಹಳ ಕಾಲ ಹಿಡಿಯಿತು. ನಮ್ಮಲ್ಲಿ ಗುಡ್ಡ ಅಂದರೆ ಒಂದೋ ಫಾರೆಸ್ಟಿನವರದ್ದು, ಇಲ್ಲಾ ರೆವಿನ್ಯೂದು, ಇಲ್ಲಾ ಯಾರೋ ಬೇಲಿ ಹಾಕಿಕೊಂಡದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಕೊಕ್‌ಚುಂಗ್ ನಾಗಾಲ್ಯಾಂಡಿನ ಒಂದು ಬೆಟ್ಟದ ಊರು, 1,300 ಮೀಟರಿಗೂ ಎತ್ತರದಲ್ಲಿದೆ. ಅಸ್ಸಾಮಿನ ಜೋರ್ಹಾಟ್ ಕಡೆಯಿಂದ, ಮರಿಯಾನಿ ಮೇಲೆ ಹತ್ತಿ ಬರಬೇಕು. ಆವೊ ನಾಗಾ ಜನರಿಗೆ ಇದೇ ಕೇಂದ್ರ. ಅವರ ದೊಡ್ಡ ಸಂಘಟನೆ ಆವೊ ಸೆಂಡೆನ್ ಇಲ್ಲಿದೆ, 1959ರಲ್ಲಿ ಶುರುವಾದ ಫಜಲ್ ಅಲಿ ಕಾಲೇಜು ಇಲ್ಲಿದೆ, ಬ್ಯಾಪ್ಟಿಸ್ಟ್ ಮಿಷನ್ 1894ರಿಂದ ನೆಲೆ ನಿಂತ ಇಂಪುರ್ ಇಲ್ಲಿಗೆ ಹತ್ತಿರ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕನಾಗಿದ್ದ ತಾಲಿಮೆರೆನ್ ಆವೊ ಇದೇ ಜಿಲ್ಲೆಯ ಚಾಂಗ್ಕಿ ಊರಿನವರು. ಹೆಮ್ಮೆಪಡೋಕೆ ಅವರಿಗೆ ಬೇಕಾದಷ್ಟಿದೆ. ಆದರೆ ನಾನು ಬರೆಯಲು ಹೊರಟಿದ್ದು ಜಮೀನಿನ ಬಗ್ಗೆ, ಕಾಡಿನ ಬಗ್ಗೆ, ಊರು ಅಂದರೆ ಯಾರು ಅನ್ನುವುದರ ಬಗ್ಗೆ.

ನಾಗಾಲ್ಯಾಂಡಿಗೆ ಸಂವಿಧಾನದ 371ಎ ವಿಧಿ ಇದೆ. ಜಮೀನಿನ ಒಡೆತನ, ಅದರ ಕೈ ಬದಲಾವಣೆ, ಅಲ್ಲಿನ ರೂಢಿಯ ಕಟ್ಟಳೆ, ಇವುಗಳ ಮೇಲೆ ಸಂಸತ್ತು ಮಾಡಿದ ಕಾನೂನು ಈ ರಾಜ್ಯದ ವಿಧಾನಸಭೆ ಒಪ್ಪದೆ ಇಲ್ಲಿ ನಡೆಯುವುದಿಲ್ಲ. ರಾಜ್ಯದ ಕಾಡಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಊರಿನವರ ಮತ್ತು ಖಾಸಗಿ ಜನರ ಕೈಯಲ್ಲೇ ಇದೆ. ಆವೊ ಊರುಗಳಲ್ಲಿ ಒಂದಿಷ್ಟು ಜಮೀನು ಊರಿನದು, ಒಂದಿಷ್ಟು ಕುಲದ್ದು, ಒಂದಿಷ್ಟು ಮನೆಯವರದ್ದು. ಈ ವರ್ಷ ಯಾವ ಮಗ್ಗುಲು ಕಡಿದು ಸುಟ್ಟು ಬಿತ್ತಬೇಕು, ಯಾವುದನ್ನು ಕಾಡಾಗಲು ಬಿಡಬೇಕು ಅಂತ ಊರು ಕೂತು ತೀರ್ಮಾನಿಸುತ್ತದೆ. ಇದು ನಮ್ಮ ಮಲೆನಾಡಿನ ಹಳಬರು ಕುಮರಿ ಅಂತ ಕರೆಯುತ್ತಿದ್ದ ಬೇಸಾಯವೇ, ನಮ್ಮಲ್ಲಿ ಬ್ರಿಟಿಷರ ಕಾಲದಲ್ಲೇ ಅದಕ್ಕೆ ತಡೆ ಬಿತ್ತು. ಬಿತ್ತನೆ ಮುಗಿದ ಮೇಲೆ ಮೇ ಮೊದಲ ವಾರ ಮೊಅತ್ಸು ಹಬ್ಬ. ಬಿತ್ತನೆ ಮುಗಿಸುವುದರ ಜೊತೆಗೆ ಊರಿನ ನೀರಿನ ಬಾವಿ ಶುಚಿ ಮಾಡುವುದು, ಮನೆ ರಿಪೇರಿ ಮಾಡುವುದೂ ಹಬ್ಬಕ್ಕೆ ಮುಂಚಿನ ಕೆಲಸಗಳೇ. ಮಿಷನರಿ ಇ. ಡಬ್ಲ್ಯು. ಕ್ಲಾರ್ಕ್ 1872ರಲ್ಲಿ ಈ ಗುಡ್ಡಗಳಿಗೆ ಬಂದ ಮೇಲೆ ಆವೊ ಜನ ಹೆಚ್ಚುಕಡಿಮೆ ಪೂರ್ತಿ ಕ್ರೈಸ್ತರಾದರು, ಹಳೆಯ ಪೂಜೆ ಬಲಿ ಎಲ್ಲ ಹೋಯಿತು. ಆದರೂ ಹಬ್ಬ ಉಳಿಯಿತು, ಕೂಡಿ ಮಾಡುವ ಕೆಲಸವೂ ಉಳಿಯಿತು.

ಇದರ ರುಚಿ ಸಂತೆಯಲ್ಲೇ ಸಿಗುತ್ತದೆ. ಹೆಂಗಸರು ಸಾಲಾಗಿ ಕೂತು ಮಾರುವುದರಲ್ಲಿ ಅನಿಶಿ ಅಂತ ಒಂದಿರುತ್ತದೆ, ಕರಿ ಬಣ್ಣದ ಚಪ್ಪಟೆ ಬಿಲ್ಲೆ. ಕೆಸುವಿನ ಎಲೆಯನ್ನು ಮುಚ್ಚಿಟ್ಟು ಹಳದಿಯಾಗುವ ತನಕ ಕಾಯುತ್ತಾರೆ, ಆಮೇಲೆ ಕುಟ್ಟಿ ಬಿಲ್ಲೆ ತಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ. ಹಂದಿಮಾಂಸದ ಜೊತೆ ಬೇಯಿಸುವುದು ಇವರ ಪದ್ಧತಿ. ನಮ್ಮ ಮನೆಯಲ್ಲಿ ಮಳೆಗಾಲ ಬಂದರೆ ಕೆಸುವಿನ ಕರಕಲಿ, ಪತ್ರೊಡೆ ಇದ್ದದ್ದೇ, ಹಾಗಾಗಿ ಆ ಎಲೆ ನನಗೆ ಹೊಸದಲ್ಲ. ಕಳಲೆಯೂ ಅಷ್ಟೇ, ಇಲ್ಲಿ ಅದು ಹುಳಿ ಬರಿಸಿದ್ದು, ಒಣಗಿಸಿದ್ದು, ರಸ ತೆಗೆದು ಬಾಟಲಿಗೆ ತುಂಬಿದ್ದು, ಎಲ್ಲ ರೂಪದಲ್ಲೂ ಸಿಗುತ್ತದೆ. ಮಾರುವ ಅಕ್ಕನನ್ನು ಇದೆಲ್ಲಿಂದ ತಂದಿರಿ ಅಂತ ಕೇಳಿದೆ. "ನಮ್ಮ ಊರಿನ ಕಾಡಿಂದ," ಅಂದರು. ಯಾರನ್ನೂ ಕೇಳಬೇಕಿಲ್ಲವಾ ಅಂದರೆ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ನಮ್ಮ ಕಡೆಯೂ ಹೀಗೆ ಇದ್ದದ್ದು ಹೌದು, ಸ್ವಲ್ಪ ಮಟ್ಟಿಗೆ. ಸೊಪ್ಪಿನಬೆಟ್ಟ ಇತ್ತು, ಈಗಲೂ ದಾಖಲೆಯಲ್ಲಿ ಇದೆ. ಅಡಿಕೆ ತೋಟದವರು ಅಲ್ಲಿಂದ ಸೊಪ್ಪು ದರಗು ತರುತ್ತಾರೆ. ಕಾನು ಇತ್ತು, ಗೋಮಾಳ ಇತ್ತು, ದೇವರ ಬನ ಇತ್ತು, ಕೆರೆಯ ಹೂಳು ತೆಗೆಯಲು ಮನೆಗೊಬ್ಬರು ಹೋಗುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಈಗ ಗೋಮಾಳ ಅಂದರೆ ಯಾರು ಎಷ್ಟು ಒಳಗೆ ಹಾಕಿಕೊಂಡರು ಅನ್ನುವ ಸುದ್ದಿ ಮಾತ್ರ. ಹೂಳು ತೆಗೆಸೋಕೆ ಗುತ್ತಿಗೆದಾರ ಬರುತ್ತಾನೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂದ ಮೇಲೆ ಬೆಂಗಳೂರಿನ ಕಾರುಗಳು ನಮ್ಮ ಗುಡ್ಡಗಳಲ್ಲಿ ಜಾಸ್ತಿ ಓಡಾಡುತ್ತಿವೆ. ಇಲ್ಲಿ ನಾನು ಎಷ್ಟೇ ವರ್ಷ ಇದ್ದರೂ ಒಂದು ಸೈಟ್ ಕೊಳ್ಳುವ ಹಾಗಿಲ್ಲ. ಬರಲು ಇನ್ನರ್ ಲೈನ್ ಪರ್ಮಿಟ್ ಬೇಕು, 1873ರ ಕಾನೂನು ಅದು. ಅದರ ಬಗ್ಗೆ ಬೇಜಾರಿಲ್ಲ ನನಗೆ. ನಮ್ಮ ಊರಿನ ಗುಡ್ಡ ಮಾರಾಟವಾಗುವುದನ್ನು ನೋಡಿದವನಿಗೆ ಈ ಕಟ್ಟು ಸರಿ ಅಂತಲೇ ಅನಿಸುತ್ತದೆ.

ಆದರೆ ಸುಮ್ನೆ ಅವರು ಒಳ್ಳೆಯವರು ನಾವು ಕೆಟ್ಟವರು ಅಂದುಬಿಟ್ಟರೆ ಅದು ಸುಳ್ಳಾಗುತ್ತದೆ. ನಾನು ಸಾಗರದವನು, ಕಾಗೋಡು ನಮ್ಮ ತಾಲ್ಲೂಕಿನದೇ ಊರು. 1951ರಲ್ಲಿ ಗೇಣಿದಾರರು ಒಡೆಯರ ವಿರುದ್ಧ ಸತ್ಯಾಗ್ರಹ ಹೂಡಿದ್ದು ಅಲ್ಲಿ. ಉಳುವವನೇ ಹೊಲದೊಡೆಯ ಅನ್ನುವ ಮಾತಿಗೆ ಅರ್ಥ ಬಂದದ್ದು ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಸರ್ಕಾರ ನಡುವೆ ಬಂದದ್ದರಿಂದಲೇ. ಆಗ ಜಮೀನು ಊರಿನ ಕೈಗೆ ಬಿಟ್ಟಿದ್ದರೆ ಏನಾಗುತ್ತಿತ್ತು? ಊರು ಅಂದರೆ ಒಡೆಯನೇ ಆಗಿದ್ದ. ಕೇರಿಯವರು ಊರಿನ ಹೊರಗಿದ್ದರು, ಊರ ಬಾವಿಯ ನೀರು ಅವರಿಗಿರಲಿಲ್ಲ, ದೇವರ ಬನಕ್ಕೆ ಅವರು ಕಾಲಿಡುವ ಹಾಗಿರಲಿಲ್ಲ. ಅಂಥ ಊರಿಗೆ ಕಾಡು ಕೊಡಿ ಅಂತ ನಾನು ಹೇಗೆ ಹೇಳಲಿ? ಆವೊ ಊರಿನಲ್ಲಿ ಜಾತಿ ಇಲ್ಲ. ಪೊಂಗೆನ್, ಲೊಂಗ್‌ಕುಮೆರ್, ಜಮೀರ್ ಅಂತ ದೊಡ್ಡ ಕುಲಗಳಿವೆ, ನಮ್ಮ ಗೋತ್ರಗಳ ಹಾಗೆ ಒಂದೇ ಕುಲದೊಳಗೆ ಮದುವೆ ಇಲ್ಲ, ಅಷ್ಟೇ. ಹಿರಿಯರ ಸಭೆಗೆ ಪುತು ಮೆಂಡೆನ್ ಅನ್ನುತ್ತಾರೆ. ಕುಲಕ್ಕೆ ಇಷ್ಟು ಅಂತ ಜನ ಕೂರುತ್ತಾರೆ, ಒಂದು ಪೀಳಿಗೆ ನಡೆಸಿ ಮುಂದಿನ ಪೀಳಿಗೆಗೆ ಬಿಟ್ಟುಕೊಡುವುದು ಹಳೆಯ ರೂಢಿ. ಹೊರಗಿಟ್ಟ ಕೇರಿ ಇಲ್ಲದ್ದರಿಂದಲೇ ಇಲ್ಲಿ 'ಊರಿನದು' ಅನ್ನುವ ಮಾತಿಗೆ ತೂಕ ಇದೆ. ನಮ್ಮಲ್ಲಿ ಹಂಚಿಕೊಳ್ಳುವುದು ನಿಂತದ್ದಕ್ಕೆ ಸರ್ಕಾರವನ್ನೋ ಬೆಂಗಳೂರಿನ ದುಡ್ಡನ್ನೋ ಮಾತ್ರ ಬೈಯುವವರು ಈ ಮಾತನ್ನೂ ಆಡಬೇಕು.

ಹಾಗಂತ ಇಲ್ಲಿ ಯಾರೂ ಹೊರಗಿಲ್ಲ ಅಂತಲ್ಲ. ಹೆಂಗಸರಿದ್ದಾರೆ. ಹಿರಿಯರ ಸಭೆಯಲ್ಲಿ ಅವರಿಗೆ ಜಾಗವಿಲ್ಲ. ಕುಲದ ಜಮೀನು ಹೆಣ್ಣುಮಕ್ಕಳಿಗೆ ಬರುವುದಿಲ್ಲ, ಅಪ್ಪ ಅಮ್ಮ ಸ್ವಂತ ದುಡಿಮೆಯಲ್ಲಿ ಕೊಂಡದ್ದನ್ನು ಕೊಡಬಹುದು ಅಷ್ಟೇ. ಕಾಡಿನಿಂದ ಕಳಲೆ ತಂದು, ಹೊಲದಲ್ಲಿ ಕಳೆ ಕಿತ್ತು, ಸಂತೆಯಲ್ಲಿ ಕೂತು ಮನೆ ನಡೆಸುವವರು ಅವರು, ಆ ಕಾಡಿನ ಬಗ್ಗೆ ತೀರ್ಮಾನ ಮಾಡುವಾಗ ಮಾತ್ರ ಅವರಿಲ್ಲ. ಪಟ್ಟಣಗಳ ಚುನಾವಣೆಯಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಮೀಸಲು ಅಂದಾಗ, ಅದು 371ಎಗೆ ವಿರುದ್ಧ ಅಂತ ಬುಡಕಟ್ಟು ಸಂಘಟನೆಗಳು ಎದ್ದು ನಿಂತು 2017ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ, ಇಪ್ಪತ್ತು ವರ್ಷದ ಮೇಲೆ. ಈ ವಿಷಯದಲ್ಲಿ ಕರ್ನಾಟಕ ಎಷ್ಟೋ ಮುಂದಿದೆ. ನಮ್ಮ 1983ರ ಮಂಡಲ ಪಂಚಾಯಿತಿ ಕಾಯ್ದೆಯಲ್ಲೇ ಕಾಲು ಭಾಗ ಹೆಂಗಸರಿಗೆ ಇತ್ತು, ಈಗ ಅರ್ಧ. ಗಂಡನೇ ಹಿಂದೆ ಕೂತು ನಡೆಸುತ್ತಾನೆ ಅನ್ನುವ ದೂರು ಇದ್ದದ್ದೇ, ಆದರೂ ನಮ್ಮ ಊರಿನ ಪಂಚಾಯಿತಿಯಲ್ಲಿ ಇಂಜಿನಿಯರ್‌ಗೆ ಬೈದು ನೀರು ತರಿಸಿದ ಅಧ್ಯಕ್ಷೆಯನ್ನು ನಾನು ನೋಡಿದ್ದೇನೆ.

ಇವರಿಂದ ನಾವು ಈಗಿಂದೀಗಲೇ ತರಬಹುದಾದದ್ದು ಅಂದರೆ 2002ರ ಕಾಯ್ದೆ ಅಂತ ನನಗನಿಸುತ್ತದೆ. ಸರ್ಕಾರಿ ಶಾಲೆ, ಆರೋಗ್ಯ ಉಪಕೇಂದ್ರ, ಕರೆಂಟಿನ ಬಿಲ್ ವಸೂಲಿ, ಇವನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ನಾಗಾಲ್ಯಾಂಡ್ ಸರ್ಕಾರ ಊರಿನ ಸಮಿತಿಗೆ ಕೊಟ್ಟಿತು. ಮೇಷ್ಟ್ರು ಬರದಿದ್ದರೆ ಆ ದಿನದ ಸಂಬಳ ಹಿಡಿಯುವ ಅಧಿಕಾರವೂ ಸಮಿತಿಗಿದೆ. ಎಲ್ಲ ಊರಲ್ಲೂ ಚೆನ್ನಾಗಿ ನಡೆದಿಲ್ಲ. ಸಮಿತಿಯವರೂ ಮೇಷ್ಟ್ರೂ ನೆಂಟರಾದರೆ ಯಾರು ಯಾರ ಸಂಬಳ ಹಿಡಿಯುತ್ತಾರೆ? ಆದರೂ ಶಾಲೆಯ ಬೀಗ ಊರಿನವರ ಕೈಯಲ್ಲಿದ್ದರೆ ಶಾಲೆ ಬೇರೆಯೇ ಆಗಿ ಕಾಣುತ್ತದೆ. ನಮ್ಮಲ್ಲಿ ಎಸ್‌ಡಿಎಂಸಿ ಇದೆ, ಶಾಲೆ ನೋಡಿಕೊಳ್ಳುವ ಸಮಿತಿ. ನಾನು ಕಂಡ ಮಟ್ಟಿಗೆ ಸಹಿ ಹಾಕೋಕೆ ಕರೆಯುತ್ತಾರೆ, ಕಾಫಿ ಕೊಟ್ಟು ಕಳಿಸುತ್ತಾರೆ. ಅರ್ಧದಷ್ಟು ಹೆಂಗಸರಿರುವ ನಮ್ಮ ಪಂಚಾಯಿತಿಗೆ ಇಂಥ ಅಧಿಕಾರ ಕೊಟ್ಟರೆ ಇಲ್ಲಿಗಿಂತ ಚೆನ್ನಾಗೇ ನಡೆದೀತು ಅಂತ ನನ್ನ ನಂಬಿಕೆ.

ಇನ್ನೊಂದು ವಿಷಯ ನಮ್ಮಂಥ ಹೊರನಾಡಿನವರಿಗೆ. ದಿಮಾಪುರ, ಕೊಹಿಮಾಗಳಲ್ಲಿ ಇರುವ ಆವೊ ಜನ ತಮ್ಮ ತಮ್ಮ ಊರಿನ ಹೆಸರಲ್ಲಿ ಸಂಘ ಕಟ್ಟಿಕೊಂಡಿರುತ್ತಾರೆ. ಜಾತಿ ಸಂಘ ಅಲ್ಲ, ಭಾಷೆಯ ಸಂಘವೂ ಅಲ್ಲ, ಒಂದೇ ಊರಿನವರ ಸಂಘ. ಸಾವಾದರೆ ಹೆಣ ಊರಿಗೆ ಸಾಗಿಸುವುದು, ಓದುವ ಹುಡುಗರಿಗೆ ನೆರವು, ಊರಿನ ರಸ್ತೆಗೆ ಚಂದಾ, ಇದೆಲ್ಲ ಅದರ ಕೆಲಸ. ಇಲ್ಲಿನ ಸ್ನೇಹಿತರೊಬ್ಬರು, ಸರ್ಕಾರಿ ನೌಕರರು, ಹುಟ್ಟಿ ಬೆಳೆದದ್ದೆಲ್ಲ ಪೇಟೆಯಲ್ಲೇ. ಆದರೂ ಊರಿನ ಚಂದಾ ಬಾಕಿ ಇಟ್ಟುಕೊಂಡವರಲ್ಲ. "ಕಟ್ಟದಿದ್ದರೆ ಅಲ್ಲಿ ನನಗೇನು ಹಕ್ಕು ಅಣ್ಣ?" ಅಂತ ಕೇಳುತ್ತಾರೆ. ನಾವು ಹೊರನಾಡಿನಲ್ಲಿ ಕನ್ನಡ ಸಂಘ ಕಟ್ಟುತ್ತೇವೆ, ನವೆಂಬರಿನಲ್ಲಿ ಬಾವುಟ ಏರಿಸುತ್ತೇವೆ, ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಊರಿನ ಕೆರೆಗೆ, ಶಾಲೆಗೆ ವರ್ಷಕ್ಕಿಷ್ಟು ಅಂತ ಬೆಂಗಳೂರು, ಮುಂಬೈ, ದುಬೈಯಲ್ಲಿರುವ ಊರಿನವರೆಲ್ಲ, ಕೇರಿಯವರೂ ಸೇರಿ, ಒಂದೇ ಪಟ್ಟಿಯಲ್ಲಿ ಹೆಸರು ಬರೆಸಿ ಕಟ್ಟಿದ್ದನ್ನು ನಾನು ಕಂಡಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕಟ್ಟುತ್ತೇವೆ. ನಮ್ಮೂರಿನ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯ ಹಾಕಿದ್ದೇನೆ. ಮೊದಲು ಶಾಲೆಯ ಸೋರುವ ಮಾಡಿನಿಂದ ಶುರು ಮಾಡೋಣ ಅಂತ ಕೇರಿಯ ಹುಡುಗನೊಬ್ಬ ಬರೆದಿದ್ದಾನೆ, ಪಟ್ಟಿ ಅವನೇ ಬರೆಯಲಿ ಅಂತ ನಾನು ಹೇಳಿದ್ದೇನೆ.