ಮುಖವಿಲ್ಲದ ಸುಂಕದವನ ಮುಂದೆ

ಬೆಟಗೇರಿಯಲ್ಲಿ ನಮ್ಮ ಸೋದರಮಾವನದೊಂದು ಆಫ್‌ಸೆಟ್ ಪ್ರೆಸ್ಸಿದೆ. ಗದಗ-ಬೆಟಗೇರಿಯಲ್ಲಿ ಕಲ್ಲು ಒಗೆದರೆ ಅದು ಪ್ರೆಸ್ಸಿನ ತಗಡಿನ ಮೇಲೋ ಮಗ್ಗದ ಮನೆ ಮೇಲೋ ಬೀಳುತ್ತದೆ, ಆದ್ದರಿಂದ ಇದೇನು ದೊಡ್ಡ ಸಂಗತಿಯಲ್ಲ. ಲಗ್ನದ ಸೀಜನ್ನಿಗೆ ಎರಡು ತಿಂಗಳಿರುವಾಗ ಮಷಿನ್ನಿನ ಬ್ಲ್ಯಾಂಕೆಟ್ ಕೆಟ್ಟಿತು. ಪ್ರೆಸ್ಸಿನ ವಾಸನೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಆಫ್‌ಸೆಟ್‌ನಲ್ಲಿ ಪ್ಲೇಟಿನ ಮಸಿ ಸೀದಾ ಕಾಗದಕ್ಕೆ ಬೀಳುವುದಿಲ್ಲ. ನಡುವೆ ಸಿಲಿಂಡರಿಗೆ ಬಿಗಿದ ಒಂದು ಹಾಳೆ ಇರುತ್ತದೆ, ಮೇಲೆ ರಬ್ಬರು, ಒಳಗೆ ಪದರ ಪದರ ಬಟ್ಟೆ. ಮಸಿ ಮೊದಲು ಅದಕ್ಕೆ ಅಂಟಿ ಆಮೇಲೆ ಕಾಗದಕ್ಕೆ ಇಳಿಯುತ್ತದೆ. ಅದರ ಹೆಸರೇ ಬ್ಲ್ಯಾಂಕೆಟ್. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನ ನಾಲಿಗೆ ಸೇದಿಹೋಗಲಿ.

ಹುಬ್ಬಳ್ಳಿ ಡೀಲರು ಹೇಳಿದ ರೇಟು ಕೇಳಿ ಉರಿದೆದ್ದ ಮಾಮಾ, ಫೋನಿನಲ್ಲಿ ತಡಕಾಡಿ ಹೊರದೇಶದಿಂದಲೇ ಎರಡು ಶೀಟು ತರಿಸಿದರು. ಸಾಗಣೆ ಫ್ರೀ ಅಂತ ಬೇರೆ ಬರೆದಿತ್ತು. ಆಮದು ಮಾಡಲು ಐಇಸಿ, ಅಂದರೆ ಆಮದು-ರಫ್ತು ಮಾಡುವವರ ನೋಂದಣಿ ನಂಬರು ಬೇಕು ಎಂದರು, 500 ರೂಪಾಯಿ ಕಟ್ಟಿ ಮಾಡಿಸಿದರು. ಬಂದ ನಂಬರು ನೋಡಿದರೆ ತಮ್ಮದೇ ಪ್ಯಾನ್ ನಂಬರು!

“ನನ್ನ ನಂಬರು ನನಗ ಮಾರ್‍ಯಾರಲೇ ತಮ್ಮಾ,” ಎಂದರು ನನಗೆ.

ಮಾಲು ಬಂತು. ಅದನ್ನು ಕಸ್ಟಮ್ಸಿನಿಂದ, ಅಂದರೆ ಸುಂಕದವರಿಂದ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ ನಮ್ಮ ಹಾವೇರಿ ಕಡೆಯವನೇ. ಬಂದ ಮಾಲಿನ ವಿವರ ಬರೆದು ಬಿಲ್ ಆಫ್ ಎಂಟ್ರಿ ಹಾಕಿದ. ಮೂರನೇ ದಿನಕ್ಕೆ ಅವನ ಫೋನು.

“ಅಣ್ಣಾರ, ಕ್ವೆರಿ ಬಂದೈತ್ರಿ. ಬ್ಲ್ಯಾಂಕೆಟ್ ಉಣ್ಣೀದೋ, ಹತ್ತೀದೋ ಅಂತ ಕೇಳ್ಯಾರ.”

ಮಾಮಾ ಒಂದು ಗಳಿಗೆ ಸುಮ್ಮನಿದ್ದು, “ಕುರುಬರ ಕಂಬಳಿ ಐತಿ, ಹೊತ್ಕೊಂಡು ಮಲಕೋ ಅಂತ ಬರಿ” ಎಂದರು. ಏಜೆಂಟ ಬರೆಯಲಿಲ್ಲ. ಜಾಣ.

ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡಂತೆ ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟರು. ಪಾಪ, ಅವರ ಕಾಲದಲ್ಲಿ ಸುಂಕದವನಿಗೊಂದು ಮುಖವಾದರೂ ಇತ್ತು. ಕೇಳದಿದ್ದರೂ ಕಟ್ಟೆ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದ, ಬೈದುಕೊಂಡು ಬರಲು ಒಂದು ಮೂತಿ ಸಿಗುತ್ತಿತ್ತು. 2020ರ ಜೂನ್‌ನಲ್ಲಿ ಬೆಂಗಳೂರು, ಚೆನ್ನೈನಿಂದ ಶುರುವಾಗಿ ಅದೇ ವರ್ಷ ದೇಶಕ್ಕೆಲ್ಲ ಹಬ್ಬಿದ ಹೊಸ ಪದ್ಧತಿಯ ಹೆಸರೇ ‘ಫೇಸ್‌ಲೆಸ್ ಅಸೆಸ್‌ಮೆಂಟ್’. ಮಾಲು ಒಂದು ಊರಿನಲ್ಲಿ ಬಿದ್ದಿರುತ್ತದೆ, ಅದು ಏನು ಅಂತ ತೀರ್ಮಾನಿಸುವವರು ಇನ್ನೊಂದು ಊರಿನಲ್ಲಿ. ಲಂಚ, ವಶೀಲಿ ನಡೆಯಬಾರದು ಅಂತ ಹೀಗೆ ಮಾಡಿದ್ದು, ಉದ್ದೇಶ ಒಳ್ಳೆಯದೇ. ಆದರೆ ಅವರಿಗೆ ನಮ್ಮ ಮುಖದ ಜೊತೆ ನಮ್ಮ ಮಾಲೂ ಕಾಣುವುದಿಲ್ಲ. ಬಿಲ್ಲಿನಲ್ಲಿ ‘ಬ್ಲ್ಯಾಂಕೆಟ್’ ಅಂತಿದೆ, ಅಂದ ಮೇಲೆ ಅದು ಹೊದೆಯುವುದೇ.

ಪ್ರೆಸ್ಸಿನದು ಎಂದು ಉತ್ತರ ಬರೆದದ್ದಾಯಿತು. ಆಗ ನಿಜವಾದ ಪುರಾಣ ಬಿಚ್ಚಿಕೊಂಡಿತು. 1975ರ ಸುಂಕದ ಪಟ್ಟಿ ಕಾಯ್ದೆಯಲ್ಲಿ ಜಗತ್ತಿನ ವಸ್ತುಗಳೆಲ್ಲ ಅಧ್ಯಾಯ ಅಧ್ಯಾಯವಾಗಿ ಕೂತಿವೆ. ರಬ್ಬರು 40ರಲ್ಲಿ. ರಬ್ಬರು ಬಳಿದ, ಯಂತ್ರಕ್ಕೆ ಬಳಸುವ ಬಟ್ಟೆ 59ರಲ್ಲಿ. ಮುದ್ರಣಯಂತ್ರ, ಅದರ ಬಿಡಿಭಾಗ 84ರಲ್ಲಿ. ಕಂಬಳಿ 63ರಲ್ಲಿ. ಯಂತ್ರಕ್ಕೆ ಹಾಕಿದ ಮಾತ್ರಕ್ಕೆ ರಬ್ಬರು ಯಂತ್ರದ ಭಾಗವಾಗುವುದಿಲ್ಲ ಅಂತ ಅದರಲ್ಲೇ ಒಂದು ಟಿಪ್ಪಣಿ ಬೇರೆ. 77ನೇ ಅಧ್ಯಾಯ ಮಾತ್ರ ಪೂರ್ತಿ ಖಾಲಿ, ಮುಂದೆ ಯಾವುದಕ್ಕಾದರೂ ಬೇಕಾದೀತು ಅಂತ ಕಾದಿರಿಸಿದ್ದಾರೆ. “ಹಂಗಾರ ಅದರಾಗ ಹಾಕ್ರಿ, ಜಾಗಾ ಐತೆಲ್ಲಾ” ಎಂದರು ಮಾಮಾ. ನನಗೂ ಇಡೀ ಪ್ರಕರಣದಲ್ಲಿ ಅದೊಂದೇ ಸರಿಯಾದ ಸಲಹೆ ಅನ್ನಿಸಿತ್ತು.

ಮುಂದಿನದು ಬೆಲೆ. ಸಾಗಣೆ ಫ್ರೀ ಎಂದರೆ ಸಾಗಣೆಯ ಖರ್ಚು ಎಷ್ಟೆಂದು ತಿಳಿಯುವುದಿಲ್ಲ, ತಿಳಿಯದಿದ್ದರೆ ನಿಯಮದ ಪ್ರಕಾರ ಮಾಲಿನ ಬೆಲೆಯ ಶೇ. 20 ಅಂತ ಹಿಡಿಯಬೇಕು. ವಿಮೆಯದೂ ತಿಳಿಯದು, ಶೇ. 1.125 ಹಿಡಿಯಬೇಕು. ಸಾಗಣೆಗೆ ದುಂಡಗೆ ಇಪ್ಪತ್ತು ಅಂದವರು ವಿಮೆಗೆ ಬಂದಾಗ ಅಕ್ಕಸಾಲಿಗನ ತಕ್ಕಡಿ ಹಿಡಿದಿದ್ದಾರೆ. ಹೀಗೆ ಕೊಡದ ಬಾಡಿಗೆ, ಮಾಡಿಸದ ವಿಮೆ ಎಲ್ಲ ಸೇರಿಸಿ ಸುಂಕ, ಸುಂಕದ ಮೇಲೆ ಹತ್ತರಲ್ಲೊಂದು ಪಾಲು ಸಮಾಜ ಕಲ್ಯಾಣದ ಸರ್‌ಚಾರ್ಜು, ಅದೆಲ್ಲದರ ತಲೆ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ. ಮಾಮಾ ಲೆಕ್ಕ ಹಾಕಿದ್ದು ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ. ಹುಬ್ಬಳ್ಳಿ ಡೀಲರಿನ ರೇಟು ಅರ್ಧ ಪತ್ರಿಕೆಗೇ ದಾಟಿಹೋಯಿತು. ಮಾಲು ಬಿಡಿಸಲು ತಡವಾದದ್ದಕ್ಕೆ ಗೋದಾಮಿನವರು ಹಾಕುವ ಡೆಮರೇಜು ಇನ್ನೂ ಬರೆದಿರಲಿಲ್ಲ.

ರಬ್ಬರೋ ಬಟ್ಟೆಯೋ ಬಗೆಹರಿಯದೆ ಕೊನೆಗೆ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ ಎಂದು ಅಪ್ಪಣೆಯಾಯಿತು. ತೆಗೆದರು. ಅಂಚಿನಲ್ಲಲ್ಲ, ನಟ್ಟನಡುವೆ, ಎರಡೂ ಶೀಟಿನಲ್ಲಿ, ಅಂಗೈಯಗಲದ ಚೌಕ. ಅಳತೆ ಹಿಡಿದು ಕೊಯ್ದಂತಿತ್ತು, ಕೈಚಳಕ ಮೆಚ್ಚಬೇಕು. ವರದಿಯೂ ಬಂತು: ರಬ್ಬರು ಲೇಪಿತ ಬಟ್ಟೆ, ಮುದ್ರಣಕ್ಕೆ ಬಳಸುವಂಥದ್ದು.

ಮಾಮಾ ಕೇಳಿದ್ದು ಒಂದೇ ಪ್ರಶ್ನೆ. “ಕೊಯ್ಕೊಂಡ ತುಂಡಿಗೂ ಸುಂಕ ಐತೇನು?”

“ಇಲ್ರಿ ಅಣ್ಣಾರ,” ಎಂದ ಏಜೆಂಟ, ಬಹಳ ದಿನದ ಮೇಲೆ ಒಂದು ಸಿಹಿಸುದ್ದಿ ಸಿಕ್ಕ ಖುಷಿಯಲ್ಲಿ. “1962ರ ಕಸ್ಟಮ್ಸ್ ಕಾಯ್ದೇದಾಗ ಐತಿ. ಪರೀಕ್ಷೆದಾಗ ಹಾಳಾದ ಸ್ಯಾಂಪಲ್ಲಿಗೆ ಸುಂಕ ಇಲ್ಲ. ಆದ್ರ ಆ ತುಂಡಿನ ಸುಂಕ ಐದು ರೂಪಾಯಿ, ಇಲ್ಲಾ ಅದಕ್ಕಿಂತ ಹೆಚ್ಚಿರಬೇಕು. ಐದರ ಒಳಗಿದ್ರ ಕಟ್ಟಬೇಕು.”

ಮಾಲು ಬಿಡುವ ಅಪ್ಪಣೆ, ಅದೇ ಔಟ್ ಆಫ್ ಚಾರ್ಜ್, ಸಿಕ್ಕು ಮಾಲು ಬೆಟಗೇರಿ ಮುಟ್ಟುವಷ್ಟರಲ್ಲಿ ಸೀಜನ್ನಿನ ಪತ್ರಿಕೆಗಳೆಲ್ಲ ಪಕ್ಕದ ಪ್ರೆಸ್ಸಿನಲ್ಲಿ ಅಚ್ಚಾಗಿ ಹಂಚಿಯೂ ಆಗಿದ್ದವು. ನಡುವೆ ಕಿಟಕಿಯಿರುವ ಬ್ಲ್ಯಾಂಕೆಟ್ಟನ್ನು ಯಾವ ಸಿಲಿಂಡರಿಗೆ ಬಿಗಿಯುವುದು? ಮೊನ್ನೆ ಹೋದಾಗ ನೋಡಿದೆ. ಒಂದು ಶೀಟನ್ನು ಕಟಿಂಗ್ ಮಷಿನ್ನಿನ ಮೇಲೆ ಧೂಳು ಕೂರದಂತೆ ಹೊದಿಸಿದ್ದಾರೆ. ಇನ್ನೊಂದನ್ನು ಬಾಗಿಲ ಬಳಿ ಹಾಸಿ, ಅದರ ಮೇಲೆ ಪ್ರೆಸ್ಸಿನ ನಾಯಿ ಮಲಗಿತ್ತು, ಮೂತಿಯನ್ನು ಸರಿಯಾಗಿ ಆ ಚೌಕದೊಳಗೆ ಇಟ್ಟುಕೊಂಡು. ಅಧ್ಯಾಯ 63.