ತಲೆಗೆ ಹತ್ತು ಡಾಲರ್ ಮುಯ್ಯಿ

ಚಕ್ರವರ್ತಿಯಾಗಲು ವಂಶ, ರಾಜ್ಯ, ಪರಂಪರೆ ಬೇಕೆಂದು ನಂಬಿದವರು ಮಧ್ಯ ಆಫ್ರಿಕಾ ಗಣರಾಜ್ಯದ ಕಡೆ ನೋಡಿಲ್ಲ. ಅಲ್ಲಿ ಪಕ್ಷದ ಒಂದು ಠರಾವೇ ಸಾಕಾಯಿತು.

ಫ್ರೆಂಚರು ಬಿಟ್ಟುಹೋದದ್ದು 1960ರಲ್ಲಿ. ಅವರ ಸೇನೆಯಲ್ಲೇ ಕ್ಯಾಪ್ಟನ್ ಆಗಿದ್ದ ಬೊಕಾಸಾ 1965ರ ಡಿಸೆಂಬರ್ 31ರ ರಾತ್ರಿ ಅಧ್ಯಕ್ಷ ಡಾಕೋನನ್ನು ಕೆಳಗಿಳಿಸಿದ. 1972ರಲ್ಲಿ ಆಜೀವ ಅಧ್ಯಕ್ಷ, 1974ರಲ್ಲಿ ಮಾರ್ಷಲ್. ಮೇಲೆ ಏರಲು ಮೆಟ್ಟಿಲೇ ಉಳಿಯದಿದ್ದಾಗ, 1976ರ ಡಿಸೆಂಬರ್ 4ರಂದು ಗಣರಾಜ್ಯವನ್ನೇ ಸಾಮ್ರಾಜ್ಯ ಮಾಡಿಬಿಟ್ಟ. ಬಿರುದು: ‘ರಾಷ್ಟ್ರೀಯ ರಾಜಕೀಯ ಪಕ್ಷ ಮೆಸಾನ್‌ನಲ್ಲಿ ಒಗ್ಗೂಡಿದ ಮಧ್ಯ ಆಫ್ರಿಕಾದ ಜನತೆಯ ಇಚ್ಛೆಯಂತೆ ಚಕ್ರವರ್ತಿ’. ಬಹುಪರಾಕು ಹೇಳುವವನು ನಡುವೆ ಎರಡು ಸಲ ಉಸಿರೆಳೆದುಕೊಳ್ಳಬೇಕು.

ಪಟ್ಟಾಭಿಷೇಕ ಸರಿಯಾಗಿ ಒಂದು ವರ್ಷಕ್ಕೆ. ಮಾದರಿ 1804ರ ನೆಪೋಲಿಯನ್ನನದು; ಜಾಗ ಮಾತ್ರ ರಾಜಧಾನಿ ಬಾಂಗಿಯ ಕ್ರೀಡಾಂಗಣ. ಬಾಸ್ಕೆಟ್‌ಬಾಲ್ ಆಡುವಲ್ಲಿ ಎರಡು ಟನ್ ತೂಕದ ಕಂಚಿನ ಹದ್ದು, ಅದಕ್ಕೆ ಚಿನ್ನದ ಲೇಪ, ಹೊಟ್ಟೆಯ ಜಾಗದಲ್ಲಿ ಸಿಂಹಾಸನ. ದೂರದಿಂದ ನೋಡಿದವರಿಗೆ ಹದ್ದು ಕಾವಿಗೆ ಕೂತಂತೆ ಕಂಡಿದ್ದರೆ ತಪ್ಪು ಅವರದಲ್ಲ. ಕಿರೀಟ, ಮುತ್ತು ಪೋಣಿಸಿದ ನಿಲುವಂಗಿ, ಷಾಂಪೇನ್, ಬಿಳಿ ಕುದುರೆ ಎಲ್ಲ ಫ್ರಾನ್ಸಿನಿಂದ. ಬಿಸಿಲು ಮಾತ್ರ ಸ್ಥಳೀಯ. ಅದು ಕುದುರೆಗಳಿಗೆ ಆಗಿಬರಲಿಲ್ಲ. ಪೋಪ್, ಜಪಾನಿನ ಚಕ್ರವರ್ತಿ, ಇರಾನಿನ ಷಾ, ಮೂವರೂ ಬರಲಿಲ್ಲ. ಕಿರೀಟವನ್ನು ಸ್ವತಃ ಇಟ್ಟುಕೊಳ್ಳುವುದೆಂದು ಮೊದಲೇ ಗೊತ್ತಾಗಿದ್ದರಿಂದ ಪುರೋಹಿತರ ಕೊರತೆ ಕಾಡಲಿಲ್ಲ.

ಖರ್ಚು ಸುಮಾರು 2 ಕೋಟಿ ಡಾಲರ್. ಪ್ರಜೆಗಳು ಸುಮಾರು 20 ಲಕ್ಷ. ತಲೆಗೆ ಹತ್ತು ಡಾಲರ್ ಮುಯ್ಯಿ, ಊಟಕ್ಕೆ ಮಾತ್ರ ಕರೆಯಿಲ್ಲ. ಬಹುಪಾಲನ್ನು ಫ್ರಾನ್ಸ್ ಭರಿಸಿತು ಅನ್ನಿ. ಪ್ಯಾರಿಸ್ಸಿನ ದುಡ್ಡು ಪ್ಯಾರಿಸ್ಸಿನ ಅಂಗಡಿಗಳಿಗೇ ವಾಪಸಾಯಿತು. ಹೋಗಿಬರುವ ದಾರಿಯಲ್ಲಿ ಒಬ್ಬ ಚಕ್ರವರ್ತಿ ಹುಟ್ಟಿದ.

ಎಡವಿದ್ದು ಸಮವಸ್ತ್ರದಲ್ಲಿ. ಅರಮನೆಯವರದೇ ಕಾರ್ಖಾನೆಯ ದುಬಾರಿ ಬಟ್ಟೆಯನ್ನು ಶಾಲಾಮಕ್ಕಳೆಲ್ಲ ಕೊಳ್ಳಬೇಕೆಂಬ ಅಪ್ಪಣೆ. ಅಪ್ಪಂದಿರಿಗೆ ಸರ್ಕಾರ ಸಂಬಳವನ್ನೇ ನೆಟ್ಟಗೆ ಕೊಡುತ್ತಿರಲಿಲ್ಲ. 1979ರ ಜನವರಿಯಲ್ಲಿ ಮಕ್ಕಳು ಬೀದಿಗಿಳಿದರು. ಏಪ್ರಿಲ್‌ನಲ್ಲಿ ಹಿಡಿದು ತಂದ ಹತ್ತಾರು ಮಕ್ಕಳು ಬಾಂಗಿಯ ನ್ಗರಗ್ಬಾ ಜೈಲಿನಲ್ಲಿ ಸತ್ತರು.

ಸೆಪ್ಟೆಂಬರ್ 20ರ ರಾತ್ರಿ, ಚಕ್ರವರ್ತಿ ಲಿಬಿಯಾದಲ್ಲಿದ್ದಾಗ, ಫ್ರೆಂಚ್ ಸೈನಿಕರು ಬಾಂಗಿಯಲ್ಲಿ ಇಳಿದರು. ಜೊತೆಗೆ ಹೊಸ ಅಧ್ಯಕ್ಷನನ್ನೂ ತಂದಿದ್ದರು: ಅದೇ ಹಳೆಯ ಡಾಕೋ. ಮರುತಿಂಗಳೇ ಪ್ಯಾರಿಸ್ಸಿನ ವಿಡಂಬನಾ ಪತ್ರಿಕೆಯೊಂದು ಸುದ್ದಿ ಹೊರಹಾಕಿತು: ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ ದೆಸ್ಟಾಂಗ್ ಹಣಕಾಸು ಮಂತ್ರಿಯಾಗಿದ್ದಾಗಲೇ, 1973ರಲ್ಲಿ, ಅವರಿಗೆ ಬೊಕಾಸಾ ವಜ್ರಗಳನ್ನು ಕೊಟ್ಟಿದ್ದ. ಮುಯ್ಯಿ ಮುಂಗಡವಾಗಿಯೇ ಸಂದಿತ್ತು.