ಸತ್ಯಾಂಶ: ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈ ಎತ್ತಲೇಬಾರದೇ?

‘ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದವರು ತಿಂಗಳುಗಟ್ಟಲೆ ಕೈ ಆಡಿಸಬಾರದು, ಆಡಿಸಿದರೆ ತೋಳು ಬಾತುಕೊಳ್ಳುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ನಂಬಿ ಕೂತರೆ ಭುಜ ಬಿಗಿದುಕೊಳ್ಳುತ್ತದೆ.

ಸಾಮಾನ್ಯವಾಗಿ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ಅದೇ ಕೈಯಲ್ಲಿ ಊಟ ಮಾಡುವುದು ಎಲ್ಲವೂ ಸರಿ. ಆದರೆ ತೋಳು ಭುಜದ ಮಟ್ಟ ದಾಟದಿರಲಿ. ಮೊದಲ ದಿನಗಳಲ್ಲೇ ಜೋರಾಗಿ ಮೇಲಕ್ಕೆ ಚಾಚಿದರೆ ಗಾಯದೊಳಗೆ ದ್ರವ ಹೆಚ್ಚು ಸೋರುತ್ತದೆ, ಆ ದ್ರವವನ್ನು ಹೊರಹಾಕಲು ಇಟ್ಟ ಡ್ರೈನ್ ನಳಿಕೆ ತೆಗೆಯುವುದು ತಡವಾಗುತ್ತದೆ. ಸಂದೇಶದಲ್ಲಿ ನಿಜವಿರುವುದು ಇಷ್ಟೇ.

7–10 ದಿನಗಳ ನಂತರ, ನಳಿಕೆ ತೆಗೆದಿದ್ದರೆ, ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಿ. ಎಳೆತ ಸಿಕ್ಕಲ್ಲಿ ನಿಲ್ಲಿಸಿ ಉಸಿರಾಡಿ, ಇಳಿಸಿ. ಎಳೆತ ಇರಲಿ, ನೋವು ಬೇಡ. ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಾಸ್ಪರ್ ಅಧ್ಯಯನದಲ್ಲಿ ಇದೇ ಅವಧಿಗೆ ವ್ಯಾಯಾಮ ಶುರುಮಾಡಿದವರ ತೋಳು ವರ್ಷದ ನಂತರ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು; ತೋಳಿನ ಊತ ಹೆಚ್ಚಲಿಲ್ಲ.

ಕಂಕುಳಿನಿಂದ ಮೊಣಕೈಯತ್ತ ತಂತಿಯಂತೆ ಬಿಗಿದ ಎಳೆ ಕಂಡರೆ ಗಾಬರಿ ಬೇಡ, ಕೈ ಆಡಿಸುವುದನ್ನು ನಿಲ್ಲಿಸಲೂಬೇಡಿ; ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ತೋಳು ಅಥವಾ ಗಾಯ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಊತ ಏರುತ್ತಿದ್ದರೆ ಅಂದೇ ವೈದ್ಯರನ್ನು ಕಾಣಿ. ಸ್ತನದ ಮರುರಚನೆಯೂ ಆಗಿದ್ದರೆ ದಿನಗಳ ಲೆಕ್ಕ ಬೇರೆ, ನಿಮ್ಮ ಸರ್ಜನ್ ಹೇಳಿದ್ದನ್ನೇ ಪಾಲಿಸಿ.